ಅಲುಗಿದ ಚಿತ್ರವನ್ನು ಏನು ಮಾಡುವುದು?

ತಲೆಯೊಡೆಯದೆ ಮಿದುಳಿನ ಒಳದಾರಿಗಳನ್ನು ಕಾಣುವ ಉಪಾಯವೊಂದು 1980ರ ದಶಕದ ನಡುವಿನಲ್ಲಿ ಫ್ರಾನ್ಸಿನ ಡೆನಿ ಲ ಬಿಹಾನ್ ಮೊದಲಾದವರ ಪ್ರಯತ್ನದಿಂದ ರೂಪುಗೊಂಡಿತು. ಎಂ.ಆರ್.ಐ. ಯಂತ್ರದ ನೆರವಿನಿಂದ ನೀರಿನ ಕಣಗಳ ಸಂಚಾರವನ್ನು ಅಳೆಯುವುದೇ ಆ ಉಪಾಯ. ನರತಂತುಗಳ ಉದ್ದಕ್ಕೆ ನೀರು ಸಲೀಸಾಗಿ ಹರಡುತ್ತದೆ, ಅಡ್ಡಕ್ಕೆ ಅಷ್ಟಾಗಿ ಹರಡದು. ಹಲವು ದಿಕ್ಕುಗಳಲ್ಲಿ ಅಳೆದರೆ ತಂತುಗಳು ಯಾವ ಕಡೆಗೆ ಸಾಗಿವೆಯೆಂದು ಊಹಿಸಬಹುದು. ಅಳೆಯುವ ಚಲನೆ ಮಿಲಿಮೀಟರಿನ ನೂರನೆಯ ಒಂದು ಪಾಲಿನಷ್ಟು. ಚಿತ್ರ ತೆಗೆಯುವಾಗ ತಲೆಯೇ ಒಂದೆರಡು ಮಿಲಿಮೀಟರು ಅಲುಗಿಬಿಟ್ಟರೆ?

ಹತ್ತಾರು ಚಿತ್ರಗಳಿದ್ದ ಕಾಲದಲ್ಲಿ ಒಬ್ಬ ತಜ್ಞ ಕೂತು ಒಂದೊಂದನ್ನೂ ನೋಡಿ ಕೆಟ್ಟದ್ದನ್ನು ತೆಗೆಯುತ್ತಿದ್ದ. ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಯೋಜನೆ 2025ರಲ್ಲಿ ಒಂದು ಲಕ್ಷ ಜನರ ಚಿತ್ರಣವನ್ನು ಮುಗಿಸಿತು. ಅಷ್ಟನ್ನು ನೋಡುವ ಕಣ್ಣು ಯಾರಿಗಿದೆ? ಗಣಕಯಂತ್ರವೇ ತಿದ್ದುತ್ತದೆ, ಗಣಕಯಂತ್ರವೇ ಆರಿಸುತ್ತದೆ. 2016ರಲ್ಲಿ ಆಕ್ಸ್‌ಫರ್ಡಿನ ಆ್ಯಂಡರ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನವಂತೂ ಚಲನೆಯಿಂದ ಹಾಳಾದ ಪದರವನ್ನು ಗುರುತಿಸಿ, ಅದು ಹೀಗಿದ್ದಿರಬೇಕೆಂದು ಲೆಕ್ಕಹಾಕಿ, ಆ ಜಾಗವನ್ನು ತುಂಬುತ್ತದೆ. ಇದು ಮೋಸವೇ? ಅಲ್ಲವೆಂದೇ ನಮ್ಮ ಭಾವನೆ. ರಿಜಿಸ್ಟರಿನ ಹರಿದ ಹಾಳೆಯನ್ನು ಬೇರೆ ದಾಖಲೆಗಳಿಂದ ಮತ್ತೆ ಬರೆಯುವುದು ಕಚೇರಿಯಲ್ಲೂ ಉಂಟು. ಆದರೆ ಹಾಗೆ ಬರೆದದ್ದೆಂದು ಅಂಚಿನಲ್ಲಿ ಗುರುತು ಹಾಕಿ ಸಹಿ ಮಾಡಬೇಕು. ಎಷ್ಟು ಪದರ ಬದಲಾಯಿತೆಂಬ ಲೆಕ್ಕವನ್ನು ಯಂತ್ರ ಇಡುತ್ತದೆ. ಅದನ್ನು ತೆರೆದು ಓದುವವರು ಬೇಕು, ಅಷ್ಟೆ.

ಇದಕ್ಕಿಂತ ಗಹನವಾದ ತಪ್ಪೊಂದಿದೆ. ಅಳತೆಯ ದಿಕ್ಕುಗಳ ಪಟ್ಟಿಯಲ್ಲಿ ಒಂದು ಅಕ್ಷದ ಚಿಹ್ನೆ ತಿರುವುಮುರುವಾದರೆ ತಂತುಗಳು ತಪ್ಪು ಕಡೆಗೆ ಓಡುತ್ತವೆ. ಆದರೆ ನೀರಿನ ಹರಿವು ಎಷ್ಟರಮಟ್ಟಿಗೆ ಒಂದೇ ದಿಕ್ಕಿನದೆಂದು ಹೇಳುವ ಅಂಕಿ ಎಳ್ಳಷ್ಟೂ ಬದಲಾಗದು. ಯಂತ್ರ ತಕರಾರಿಲ್ಲದೆ ಮುಂದೆ ಸಾಗುತ್ತದೆ. ಜಮಾಖರ್ಚು ಪೈಸೆಗೆ ಪೈಸೆ ತಾಳೆಯಾಗಿ, ಹಣ ಮಾತ್ರ ಬೇರೆಯವರ ಖಾತೆಗೆ ಹೋದಂತೆ. ಇದನ್ನು ಹಿಡಿಯಲು ಚಿತ್ರವನ್ನೇ ಬಿಡಿಸಿ ನೋಡುವುದು ಇಂದಿಗೂ ಒಳ್ಳೆಯ ದಾರಿ.

ಇಷ್ಟು ತಾಂತ್ರಿಕ ಮಾತಾಯಿತು. ನಮ್ಮನ್ನು ಕಾಡುವುದು ತೆಗೆದುಹಾಕುವ ಪ್ರಶ್ನೆ. ಅಮೆರಿಕದ ಎಂ.ಐ.ಟಿ.ಯ ಸಂಶೋಧಕರು 2014ರಲ್ಲಿ ಆಟಿಸಂ ಇರುವ ಮಕ್ಕಳನ್ನೂ ಇಲ್ಲದ ಮಕ್ಕಳನ್ನೂ ಹೋಲಿಸಿದರು. ಮಿದುಳಿನ ಸಂಪರ್ಕಗಳು ಆ ಮಕ್ಕಳಲ್ಲಿ ವ್ಯಾಪಕವಾಗಿ ದುರ್ಬಲವೆಂಬ ವಾದ ಆಗ ಪ್ರಚಲಿತವಾಗಿತ್ತು. ತಲೆಯ ಚಲನೆ ಸಮಸಮವಾಗಿರುವಂತೆ ಗುಂಪುಗಳನ್ನು ಹೊಂದಿಸಿ ನೋಡಿದಾಗ ಬಲಭಾಗದ ಒಂದೇ ಒಂದು ತಂತುಮಾರ್ಗದಲ್ಲಿ ವ್ಯತ್ಯಾಸ ಉಳಿಯಿತು. ಹೆಚ್ಚು ಅಲುಗುವುದೇ ರೋಗದ ಲಕ್ಷಣದಂತೆ ತೋರಬಲ್ಲುದೆಂದಾಯಿತು. ಇಲ್ಲದ ದೋಷವನ್ನು ಮಗುವಿನ ಮಿದುಳಿಗೆ ಅಂಟಿಸುವುದು ಸಣ್ಣ ಅಪಚಾರವಲ್ಲ.

ಹಾಗಾದರೆ ಅಲುಗಿದ ಚಿತ್ರಗಳನ್ನೆಲ್ಲ ಎಸೆದುಬಿಡೋಣವೇ? ಮೊರದಲ್ಲಿ ಅಕ್ಕಿ ಆರಿಸುವಾಗ ಕಲ್ಲು ಅಕ್ಕಿಯಲ್ಲವೆಂಬುದು ಖಚಿತ. ಇಲ್ಲಿ ಎಸೆಯುವುದೂ ಅಕ್ಕಿಯನ್ನೇ. ಸುಮ್ಮನೆ ಮಲಗಲಾರದ ಪುಟ್ಟ ಮಗು, ಕೈ ತಲೆ ನಡುಗುವ ವೃದ್ಧ, ಗಾಬರಿಯಾದ ರೋಗಿ, ಇವರೇ ಹೊರಬೀಳುವವರು. ಉಳಿಯುವವರು ಶಾಂತ ಸ್ವಭಾವದವರು. ಯಾರಿಗಾಗಿ ಅಧ್ಯಯನ ನಡೆಯಿತೋ ಅವರೇ ಲೆಕ್ಕದಲ್ಲಿಲ್ಲ!

ನ್ಯೂಯಾರ್ಕಿನ ಮಕ್ಕಳ ಮತ್ತು ಎಳೆಯರ 2747 ಚಿತ್ರಣಗಳ ಮೇಲಿನ ಕೆಲಸವೊಂದು 2022ರಲ್ಲಿ ಪ್ರಕಟವಾಯಿತು. ತಜ್ಞರು ಸ್ವಲ್ಪ ಭಾಗಕ್ಕೆ ಅಂಕ ಕೊಟ್ಟರು, ಆಸಕ್ತ ಸಾರ್ವಜನಿಕರು ಇನ್ನಷ್ಟಕ್ಕೆ ಕೊಟ್ಟರು. ಅದರಿಂದ ಕಲಿತ ಯಂತ್ರ ತಜ್ಞರ ತೀರ್ಪಿಗೆ ಬಹಳ ಹತ್ತಿರದ ತೀರ್ಪು ನೀಡಿತು. ಮೆಚ್ಚತಕ್ಕ ಕೆಲಸ. ಆದರೆ ಯಂತ್ರ ಕೊಡುವುದು ಗುಣದ ಅಂಕ ಮಾತ್ರ. ಎಷ್ಟು ಅಂಕಕ್ಕೆ ಬಾಗಿಲು ಮುಚ್ಚಬೇಕೆಂಬುದನ್ನು ಮನುಷ್ಯನೇ ಗೊತ್ತುಮಾಡಬೇಕು. ಅದನ್ನು ಫಲಿತಾಂಶ ನೋಡಿದ ಮೇಲೆ ಗೊತ್ತುಮಾಡಿದರೆ, ಸಂದರ್ಶನ ಮುಗಿಸಿ ಅರ್ಹತೆಯನ್ನು ಬರೆದಂತೆ. ಹೊರಬಿದ್ದವರ ಸಂಖ್ಯೆಯಷ್ಟೇ ಸಾಲದು, ಅವರ ವಯಸ್ಸೇನು, ಕಾಯಿಲೆಯೇನು ಎಂಬುದನ್ನೂ ಪ್ರಕಟಿಸಬೇಕೆನ್ನುತ್ತೇವೆ ನಾವು.

ಇನ್ನೊಂದು ದಾರಿಯೂ ಇದೆ. ಕೆಲವು ಕೇಂದ್ರಗಳಲ್ಲಿ ಮಕ್ಕಳನ್ನು ಮೊದಲು ಅಣಕು ಯಂತ್ರದೊಳಗೆ ಮಲಗಿಸಿ, ಅದರ ಗಡಗಡ ಸದ್ದನ್ನು ಕೇಳಿಸಿ, ಹೆದರಿಕೆ ಬಿಡಿಸಿ, ಆಮೇಲೆ ನಿಜವಾದ ಯಂತ್ರಕ್ಕೆ ಕರೆದೊಯ್ಯುತ್ತಾರೆ. ಇದಕ್ಕೆ ಹೊತ್ತು ಹಿಡಿಯುತ್ತದೆ, ಖರ್ಚೂ ಉಂಟು. ಆ ಖರ್ಚನ್ನು ಯೋಜನೆಯ ಅಂದಾಜುಪಟ್ಟಿಯಲ್ಲಿ ಮೊದಲೇ ಸೇರಿಸಿಬಿಡಬೇಕು.