ಎಲೆಯ ರಸ, ಬೆಳ್ಳಿಯ ಕಣ ಮತ್ತು ಶ್ರಾವಕನ ಅಹಿಂಸೆ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳು ಘಟಪ್ರಭೆಯ ನೀರುಂಡು ಬೆಳೆದ ಸೀಮೆ. ಹಿಡಕಲ್ ಜಲಾಶಯದ ಕಾಲುವೆಗಳು ಕಬ್ಬಿನ ಸಿರಿಯನ್ನು ತಂದವು. ಅದರ ಬೆನ್ನಿಗೇ ನಿಂತ ನೀರೂ ಸೊಳ್ಳೆಯೂ ಬಂದವು. ಸೊಳ್ಳೆಯ ನಿಗ್ರಹಕ್ಕೆ ಈಚಿನ ವರ್ಷಗಳಲ್ಲಿ ವಿಜ್ಞಾನಿಗಳು ಗಿಡಮರಗಳ ಮೊರೆಹೊಕ್ಕಿದ್ದಾರೆ. ಬೇವು ಮೊದಲಾದವುಗಳ ಎಲೆಯನ್ನು ಕುದಿಸಿ ಸೋಸಿದ ರಸವನ್ನು ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಬೆರೆಸಿದರೆ ಅದು ಕಂದುಬಣ್ಣಕ್ಕೆ ತಿರುಗಿ, ಬೆಳ್ಳಿಯ ಅತಿಸೂಕ್ಷ್ಮ ಕಣಗಳು ಉಂಟಾಗುತ್ತವೆ. ಇವುಗಳ ಅಳತೆ 1ರಿಂದ 100 ನ್ಯಾನೊಮೀಟರ್. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲೇ ಒಂದು ನ್ಯಾನೊಮೀಟರ್. ಪ್ರಯೋಗಶಾಲೆಗಳಲ್ಲಿ ಇವು ಅಲ್ಪ ಪ್ರಮಾಣದಲ್ಲಿಯೇ ಸೊಳ್ಳೆಯ ಮರಿಗಳನ್ನು ಕೊಂದಿವೆ.

‘ಸಸ್ಯಜನ್ಯ’ ಎಂಬ ಮಾತು ಶ್ರಾವಕರ ಕಿವಿಗೆ ಇಂಪು. ಆದರೆ ಎಲೆಯಿಂದ ಬಂದುದು ತಯಾರಿಕೆಯ ವಿಧಾನ ಮಾತ್ರ, ಫಲ ಕೊಲೆಯೇ. ಚೀಟಿ ಬದಲಿಸಿದರೆ ಡಬ್ಬಿಯೊಳಗಿನ ಸರಕು ಬದಲಾಗದೆಂಬುದನ್ನು ವ್ಯಾಪಾರಿಗಳಿಗೆ ಹೇಳಬೇಕಾಗಿಲ್ಲ. ಸೊಳ್ಳೆ ಚತುರಿಂದ್ರಿಯ ತ್ರಸಜೀವಿ. ಬೆಳ್ಳಿಗೆ ಅದೊಂದನ್ನೇ ಆರಿಸುವ ವಿವೇಕವೂ ಇಲ್ಲ; ಕೆರೆಕುಂಟೆಗಳ ಡಾಫ್ನಿಯಾದಂತಹ ನಿರಪರಾಧಿ ಜಲಜೀವಿಗಳಿಗೂ ಅದು ವಿಷವೇ.

ಹಾಗೆಂದು ಜ್ವರದಿಂದ ಬಳಲುವ ಕೂಸಿನ ತಾಯಿಗೆ ಸುಮ್ಮನಿರೆಂದು ಯಾರು ಹೇಳಿಯಾರು? ಗೃಹಸ್ಥನದು ಅಣುವ್ರತ. ಅವನು ಸಂಕಲ್ಪೀ ಹಿಂಸೆಯನ್ನು ಬಿಡಬೇಕು. ಆತ್ಮರಕ್ಷಣೆಯ ವಿರೋಧೀ ಹಿಂಸೆ ಅವನಿಗೆ ಪೂರ್ಣವಾಗಿ ತಪ್ಪದು. ಆದರೆ ಟಾಕಿಯಲ್ಲಿನ ಮರಿ ಇನ್ನೂ ಯಾರನ್ನೂ ಕಚ್ಚಿಲ್ಲ. ಅವುಗಳಲ್ಲಿ ಸುಮಾರು ಅರ್ಧ ಗಂಡು; ಗಂಡುಸೊಳ್ಳೆ ರಕ್ತವನ್ನೇ ಹೀರದು. ಇದನ್ನು ವಿರೋಧೀ ಎಂದು ಬರೆದುಕೊಳ್ಳುವುದು ಲೆಕ್ಕದ ಪುಸ್ತಕದಲ್ಲಿ ಖಾತೆ ಬದಲಿಸಿದಂತೆ. ರೋಗ ಹಬ್ಬಿದಾಗ ಔಷಧ ಹಾಕಿದವನನ್ನು ನಿಂದಿಸಲಾಗದು. ಹಾಕಿದವನು ಅದನ್ನು ಹಿಂಸೆಯೆಂದೇ ಒಪ್ಪಿ ಪ್ರತಿಕ್ರಮಣದಲ್ಲಿ ನೆನೆಯಬೇಕು.

ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ಕಂಡರು. ಇಲ್ಲಿಯ ಪ್ರಮಾದ ಯಾವುದು? ಡೆಂಗಿಯನ್ನು ಹರಡುವ ಈಡಿಸ್ ಸೊಳ್ಳೆ ಮನೆಯಲ್ಲಿ ತುಂಬಿಟ್ಟ ತಿಳಿನೀರನ್ನೇ ಅರಸುತ್ತದೆ. ನೀರಿನ ಅಂಚಿಗೆ ಮೇಲಾಗಿ ಪಾತ್ರೆಯ ಒಳಗೋಡೆಗೆ ಮೊಟ್ಟೆಯಿಡುತ್ತದೆ; ಆ ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಉಳಿಯಬಲ್ಲವು. ಆದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿ ಉಜ್ಜುವುದೂ ನಿರ್ಹಿಂಸೆಯಲ್ಲ. ಮೊಟ್ಟೆಯಿಡುವ ಮೊದಲೇ ಬಾಯಿಗೆ ಬಟ್ಟೆ ಕಟ್ಟಿದರೆ ಮಾತ್ರ ಯಾವ ಜೀವವೂ ಸಾಯದು. ಸೋಸಿದ ನೀರನ್ನಲ್ಲದೆ ಕುಡಿಯದ ಮನೆಯ ಮಾಳಿಗೆಯ ಮೇಲೆಯೇ ಟಾಕಿಯ ಮುಚ್ಚಳ ಒಡೆದು ವರ್ಷವಾಗಿರುತ್ತದೆ!

ದಶಲಕ್ಷಣ ಪರ್ವವು ಭಾದ್ರಪದದಲ್ಲಿ, ಮಳೆಗಾಲದ ಸೊಳ್ಳೆಗಳ ನಡುವೆಯೇ ಬರುತ್ತದೆ. ಬಸದಿಗೆ ಸುಣ್ಣ ಬಳಿಸುವ ಟ್ರಸ್ಟುಗಳು ಅದೇ ಖರ್ಚಿನೊಳಗೆ ಟಾಕಿಗೊಂದು ಸಣ್ಣ ಕಣ್ಣಿನ ಜಾಲರಿಯನ್ನೂ ಆಷಾಢದಲ್ಲಿಯೇ ಬಿಗಿಸಬಹುದು.