ಗಾಜಿನ ಮೇಲಿನ ಹೆಸರಿಲ್ಲದವರು

ಪ್ರೌಢಶಾಲೆಯಲ್ಲಿ ಓದುವ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ‘ಅಂಗಾಂಶ’ ಎಂಬ ಪದವನ್ನು ಅವರ ಬಾಯಿಂದ ಕೇಳಿರುತ್ತೀರಿ. ಹೃದಯ, ಯಕೃತ್ತು, ಮೂಳೆ, ಮೆದುಳು ಎಲ್ಲವೂ ಅನುಲೇಪಕ, ಸಂಯೋಜಕ, ಸ್ನಾಯು, ನರ ಎಂಬ ನಾಲ್ಕು ಬಗೆಯ ಅಂಗಾಂಶಗಳ ನೇಯ್ಗೆ ಎಂದು ಅವರ ಪಾಠ ಕಲಿಸುತ್ತದೆ. ನೇಯ್ಗೆ ಎಂಬ ಮಾತನ್ನು ನಾನು ಅಲಂಕಾರಕ್ಕಾಗಿ ಬಳಸುತ್ತಿಲ್ಲ. 1800ರ ಸುಮಾರಿಗೆ ಪ್ಯಾರಿಸ್ಸಿನ ವೈದ್ಯ ಬಿಷಾ ಅವರು ಮಾನವ ಶರೀರವನ್ನು 21 ಬಗೆಯ ಅಂಗಾಂಶಗಳಾಗಿ ವಿಂಗಡಿಸಿದಾಗ ಅವಕ್ಕೆ ಬಳಸಿದ ಫ್ರೆಂಚ್ ಪದದ ಮೂಲಾರ್ಥವೇ ನೇಯ್ದ ಬಟ್ಟೆ. ಇಳಕಲ್ ಸೀರೆ ಉಡುವ ಲಿಂಗಸುಗೂರಿನ ತಾಯಂದಿರಿಗೆ ಇದು ಕೂಡಲೇ ಅರ್ಥವಾದೀತು. ಬಿಷಾ ಅವರು ಸೂಕ್ಷ್ಮದರ್ಶಕವನ್ನು ನಂಬದೆ ಬರಿಗಣ್ಣಿನಿಂದಲೇ ಈ ಕೆಲಸವನ್ನು ಮಾಡಿದರೆಂಬುದು ಸೋಜಿಗ.

ಈಗಿನ ವಿದ್ಯಾರ್ಥಿಗೆ ಆ ಸೌಕರ್ಯವಿಲ್ಲ. ರಾಯಚೂರಿನಲ್ಲಿ 2007ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜಿರಲಿ, ಅದಕ್ಕಿಂತ ಹಳೆಯದಾದ ಬಳ್ಳಾರಿಯ ಕಾಲೇಜಿರಲಿ, ಮೊದಲ ವರ್ಷದಲ್ಲಿಯೇ ಅವನು ಗಾಜಿನ ಪಟ್ಟಿಕೆಗಳನ್ನು ನೋಡಿ ಇದು ಯಾವ ಅಂಗಾಂಶವೆಂದು ಗುರುತಿಸಬೇಕು. ಶರೀರದ ಚೂರೊಂದನ್ನು ಫಾರ್ಮಲಿನ್‌ನಲ್ಲಿಟ್ಟು, ಮದ್ಯಸಾರದಿಂದ ನೀರಿನಂಶವನ್ನು ತೆಗೆದು, ಮೇಣದಲ್ಲಿ ಹುದುಗಿಸಿ, ಮಿಲಿಮೀಟರಿನ ಇನ್ನೂರರಲ್ಲಿ ಒಂದು ಪಾಲಿನಷ್ಟು ತೆಳುವಾಗಿ ಕೊಯ್ಯುತ್ತಾರೆ. ಬಣ್ಣವಿಲ್ಲದ ಆ ಪೊರೆಗೆ ಎರಡು ಬಣ್ಣ ಕೊಡುತ್ತಾರೆ. ಹೆಮಟಾಕ್ಸಿಲಿನ್ ಜೀವಕೋಶದ ಕೇಂದ್ರವನ್ನು ನೇರಳೆಯಾಗಿಸಿದರೆ, ಇಯೋಸಿನ್ ಉಳಿದುದನ್ನು ಗುಲಾಬಿಯಾಗಿಸುತ್ತದೆ. ಆಮೇಲೆ ಕಣ್ಣಿನ ಕೆಲಸ. ಕೈಕಾಲಿನ ಸ್ನಾಯುವಿನಲ್ಲಿ ಅಡ್ಡಗೆರೆಗಳಿರುತ್ತವೆ, ಕೋಶಕೇಂದ್ರಗಳು ಅಂಚಿಗೆ ಸರಿದಿರುತ್ತವೆ. ಹೃದಯದ ಸ್ನಾಯುವಿನಲ್ಲಿಯೂ ಗೆರೆಗಳುಂಟು, ಆದರೆ ಎಳೆಗಳು ಕವಲೊಡೆದು ಒಂದನ್ನೊಂದು ಹಿಡಿದಿರುತ್ತವೆ, ಕೇಂದ್ರ ನಡುವಿನಲ್ಲಿರುತ್ತದೆ. ಕರುಳಿನ ಗೋಡೆಯ ಸ್ನಾಯುವಿನಲ್ಲಿ ಗೆರೆಯೇ ಇಲ್ಲ. ಮೃದ್ವಸ್ಥಿಯ ಕೋಶಗಳು ಪುಟ್ಟ ಕೋಣೆಗಳಲ್ಲಿ ಒಂಟಿಯಾಗಿಯೋ ಜೋಡಿಯಾಗಿಯೋ ಕುಳಿತಿರುತ್ತವೆ. ಗಟ್ಟಿ ಮೂಳೆಯಲ್ಲಿ ಮರದ ಬುಡವನ್ನು ಕೊಯ್ದಾಗ ಕಾಣುವಂತಹ ಉಂಗುರಗಳಿರುತ್ತವೆ. ಕೊಬ್ಬಿನದು ಇನ್ನೂ ವಿಚಿತ್ರ. ಪಟ್ಟಿಕೆಯನ್ನು ಸಿದ್ಧಪಡಿಸುವಾಗಲೇ ಕೊಬ್ಬು ಕರಗಿಹೋಗುವುದರಿಂದ ಮೀನಿನ ಬಲೆಯಂತೆ ಬರಿಯ ಖಾಲಿ ಸುತ್ತುಗಳು ಉಳಿದಿರುತ್ತವೆ. ಇದ್ದುದು ಹೋಗಿ ಅದರ ಜಾಗ ಮಾತ್ರ ಕಾಣುತ್ತದೆ. ಮೊದಲು ಕಡಿಮೆ ಶಕ್ತಿಯ ಮಸೂರದಲ್ಲಿ ಇಡಿಯಾಗಿ ನೋಡಿ, ಅನಂತರವೇ ಹತ್ತಿರಕ್ಕೆ ಹೋಗಿ ಎಂದು ಅಧ್ಯಾಪಕರು ಹೇಳುತ್ತಾರೆ. ಪಾಪನಿವೇದನೆ ಕೇಳುವ ಗುರುಗಳಿಗೂ ಈ ಸಲಹೆ ಒಪ್ಪುತ್ತದೆಂದು ನನಗೆ ಅನಿಸಿದ್ದುಂಟು.

ಇಲ್ಲಿಂದ ನಮ್ಮ ಪ್ರಬೋಧನೆಗಳಿಗೆ ಸುಲಭವಾದ ಹಾದಿಯೊಂದಿದೆ. ಯಾವ ಗಾಜಿನಲ್ಲಿಯೂ ಜಾತಿ ಕಾಣುವುದಿಲ್ಲ, ಒಡೆಯನ ಹೃದಯವೂ ಕೂಲಿಯವನ ಹೃದಯವೂ ಒಂದೇ ರೀತಿ ಕವಲೊಡೆಯುತ್ತವೆ, ಆದುದರಿಂದ ನಾವೆಲ್ಲರೂ ಒಂದೇ ಎಂದು ಹೇಳಿ ಮುಗಿಸಬಹುದು. ಜಾತಿಗೊಂದು ಸ್ಮಶಾನವಿರುವ ಊರುಗಳಲ್ಲಿ ಅದು ಹೇಳಬೇಕಾದ ಸತ್ಯವೇ ಸರಿ. ಆದರೆ ಅಷ್ಟಕ್ಕೆ ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ. ಗಾಜಿನ ಮೇಲೆ ಎಲ್ಲರೂ ಸಮಾನರೆಂಬುದು ನಿಜವಾದರೆ, ಗಾಜಿನವರೆಗೆ ಬಂದ ದಾರಿಯೂ ಎಲ್ಲರಿಗೂ ಸಮಾನವಾಗಿತ್ತೇ?

ಬಿಷಾ ಅವರು ಸೀಳಿ ನೋಡಿದ ನೂರಾರು ಶವಗಳು ಪ್ಯಾರಿಸ್ಸಿನ ಆಸ್ಪತ್ರೆಯಲ್ಲಿ ಸತ್ತ ಬಡವರವು. ಇಂಗ್ಲೆಂಡಿನಲ್ಲಿ 1832ರ ಕಾಯ್ದೆಯ ಅನಂತರ ಅನಾಥಾಲಯದಂತಹ ದುಡಿಮೆಮನೆಗಳಲ್ಲಿ ಸತ್ತ ನಿರ್ಗತಿಕರು ಆ ಮೇಜಿಗೆ ಬಂದರು. ನಮ್ಮ ರಾಜ್ಯದಲ್ಲಿಯೂ 1957ರ ಅಂಗರಚನಾ ಕಾಯ್ದೆಯ ಪ್ರಕಾರ, ನಿಗದಿತ ಅವಧಿಯೊಳಗೆ ವಾರಸುದಾರರು ಬಾರದ ಶವವನ್ನು ವೈದ್ಯಕೀಯ ಕಾಲೇಜಿಗೆ ಒಪ್ಪಿಸಲು ಅವಕಾಶವಿದೆ. ಕಾನೂನನ್ನು ದೂರುವುದು ನನ್ನ ಉದ್ದೇಶವಲ್ಲ. ಶವವನ್ನು ಮುಟ್ಟದೆ ಕಲಿತ ವೈದ್ಯನ ಕತ್ತಿಗೆ ನಾವು ಯಾರೂ ನಮ್ಮ ಮಗುವನ್ನು ಒಡ್ಡಲಾರೆವು. ಆದರೆ ‘ವಾರಸುದಾರರಿಲ್ಲ’ ಎಂಬ ಮಾತಿನ ಹಿಂದೆ ಏನಿದೆಯೆಂದು ನಮ್ಮ ಸೀಮೆಯವರಿಗಿಂತ ಚೆನ್ನಾಗಿ ಯಾರು ಬಲ್ಲರು? ತುಂಗಭದ್ರೆಯ ಎಡದಂಡೆ ಕಾಲುವೆ ಸಿಂಧನೂರಿನ ಗದ್ದೆಗಳನ್ನು ಹಸಿರಾಗಿಸಿದರೂ, ನೀರು ಮುಟ್ಟದ ಮಸ್ಕಿ, ಲಿಂಗಸುಗೂರಿನ ಹಳ್ಳಿಗಳಿಂದ ಜನ ಗುಳೆ ಹೋಗುವುದು ನಿಂತಿಲ್ಲ. ಬೆಂಗಳೂರಿನಲ್ಲಿ ಕಟ್ಟಡ ಕಟ್ಟಲು ಹೋದವನು ದಾರಿಯಲ್ಲಿ ಬಿದ್ದು ಸತ್ತರೆ, ಕಿಸೆಯಲ್ಲಿ ಚೀಟಿಯಿಲ್ಲದಿದ್ದರೆ, ಊರಿನಲ್ಲಿ ತಾಯಿ, ಹೆಂಡತಿ, ಮಕ್ಕಳಿದ್ದರೂ ಆ ನಗರದ ಮಟ್ಟಿಗೆ ಅವನು ವಾರಸುದಾರರಿಲ್ಲದವನು. ಅವನ ಮನೆಯವರು ಹಬ್ಬದಿಂದ ಹಬ್ಬಕ್ಕೆ ಅವನ ದಾರಿ ಕಾಯುತ್ತಿರುತ್ತಾರೆ.

ತೋಬಿತನು ರಾಜನ ಭಯವನ್ನು ಲೆಕ್ಕಿಸದೆ ಬೀದಿಯಲ್ಲಿ ಬಿದ್ದಿದ್ದ ಹೆಣಗಳನ್ನು ಹೊತ್ತುತಂದು ಹೂಳಿದ ಕಥೆ ನಿಮಗೆ ಗೊತ್ತು. ಯೂದನು ಹಿಂದಿರುಗಿಸಿದ ಹಣದಿಂದ ಯಾಜಕರು ಕುಂಬಾರನ ಹೊಲವನ್ನು ಕೊಂಡುಕೊಂಡದ್ದೂ ಪರದೇಶಿಗಳನ್ನು ಹೂಳುವುದಕ್ಕಾಗಿಯೇ.

ಆತ್ಮವಗಲಿದ ಮೇಲೆ ಆ ದೇಹಕ್ಕೆ ಏನಾದರೇನು ಎಂದು ನೀವು ಕೇಳಬಹುದು. ನನ್ನ ಗುರುಮಠದ ದಿನಗಳಲ್ಲಿ ನಾವು ಓದಿದ ತತ್ವಶಾಸ್ತ್ರವೂ ಮೊದಲ ನೋಟಕ್ಕೆ ಹಾಗೆಯೇ ಹೇಳುತ್ತದೆ. ಅರಿಸ್ಟಾಟಲನನ್ನು ಅನುಸರಿಸಿ ಸಂತ ತೋಮಸ್ ಅಕ್ವಿನಾಸರು, ಸತ್ತವನ ಕಣ್ಣು ಹೆಸರಿಗೆ ಮಾತ್ರ ಕಣ್ಣು ಎಂದರು. ಹಾಗಿದ್ದರೆ ಪಟ್ಟಿಕೆಯ ಮೇಲಿನ ಹೃದಯ ಹೆಸರಿಗೆ ಮಾತ್ರ ಹೃದಯ. ಆದರೆ ಸಂತ ಆಗುಸ್ತೀನರು ಇನ್ನೊಂದು ಮಾತನ್ನು ನೆನಪಿಸುತ್ತಾರೆ. ತಂದೆಯ ಉಂಗುರವನ್ನೂ ಉಡುಪನ್ನೂ ಮಕ್ಕಳು ಪ್ರೀತಿಯಿಂದ ಕಾಪಾಡುವುದಾದರೆ, ಉಡುಪಿಗಿಂತ ಎಷ್ಟೋ ಹತ್ತಿರವಾಗಿದ್ದ ದೇಹವನ್ನು ತಾತ್ಸಾರ ಮಾಡುವುದು ಹೇಗೆಂದು ಅವರ ಪ್ರಶ್ನೆ. ನನಗೆ ಇವೆರಡೂ ಸರಿಯೆಂದೇ ತೋರುತ್ತದೆ. ಅಂಗಾಂಶವು ವ್ಯಕ್ತಿಯಲ್ಲ. ಆದರೆ ಅದು ಒಬ್ಬ ವ್ಯಕ್ತಿಯದು. ಆ ‘ಯದು’ ಎಂಬ ಷಷ್ಠೀ ವಿಭಕ್ತಿಯನ್ನು ಎಷ್ಟು ಶಕ್ತಿಯ ಮಸೂರವೂ ತೋರಿಸಲಾರದು. ಒಬ್ಬನು ಮನಸಾರೆ ಕೊಟ್ಟ ದೇಹ, ಇನ್ನೊಬ್ಬನಿಂದ ಕೇಳದೆ ಪಡೆದ ದೇಹ, ಎರಡರ ಪಟ್ಟಿಕೆಯೂ ಒಂದೇ ನೇರಳೆ, ಒಂದೇ ಗುಲಾಬಿ.

ಅಮೆರಿಕಾದ ಬಾಲ್ಟಿಮೋರಿನಲ್ಲಿ 1951ರಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆ ಗರ್ಭಕೊರಳಿನ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಅನುಮತಿಯಿಲ್ಲದೆ ತೆಗೆದಿಟ್ಟ ಜೀವಕೋಶಗಳು ಇಂದಿಗೂ ಪ್ರಯೋಗಶಾಲೆಗಳಲ್ಲಿ ಬೆಳೆಯುತ್ತಿವೆ. ಪೋಲಿಯೋ ಲಸಿಕೆಯ ಪರೀಕ್ಷೆಗೂ ಅವು ನೆರವಾದವು. ಎಷ್ಟೋ ಕಾಲ ಅವರ ಹೆಸರು ಹೆಲೆನ್ ಲೇನ್ ಎಂದು ತಪ್ಪಾಗಿ ಪ್ರಚಾರದಲ್ಲಿತ್ತು. ಅವುಗಳಿಂದ ಲಾಭ ಪಡೆದ ಕಂಪನಿಯೊಂದು ಅವರ ಕುಟುಂಬದೊಡನೆ ಒಪ್ಪಂದಕ್ಕೆ ಬಂದದ್ದು 2023ರಲ್ಲಿ. ಹೆಸರಿನ ಬೆಲೆ ಮಸ್ಕಿಯವರಿಗೆ ಹೇಳಿಕೊಡಬೇಕೇ? ಚಿನ್ನದ ಗಣಿಯ ಎಂಜಿನಿಯರ್ ಬೀಡನ್ 1915ರಲ್ಲಿ ಅಲ್ಲಿಯ ಬಂಡೆಶಾಸನವನ್ನು ಗುರುತಿಸಿದಾಗ ಜಗತ್ತು ಬೆರಗಾದದ್ದು ಅದರ ಉಪದೇಶಕ್ಕಲ್ಲ, ‘ಅಶೋಕ’ ಎಂಬ ಒಂದು ಹೆಸರಿಗೆ. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ಬಿರುದುಗಳಷ್ಟೇ ಇದ್ದವು.

ಇನ್ನು ದೇಹದಾನದ ಮಾತು. ಕೊಯ್ದ ದೇಹ ಪುನರುತ್ಥಾನದ ದಿನ ಹೇಗೆ ಏಳುತ್ತದೆ ಎಂಬ ಅಳುಕು ನಮ್ಮ ಕುಟುಂಬಗಳಲ್ಲಿದೆ. ಮಣ್ಣೂ ದೇಹವನ್ನು ಇಡಿಯಾಗಿ ಉಳಿಸುವುದಿಲ್ಲ. ಮೃಗಗಳ ಬಾಯಿಗೆ ಬಿದ್ದ ರಕ್ತಸಾಕ್ಷಿಗಳನ್ನು ಸೃಷ್ಟಿಕರ್ತನು ಮರೆತಿಲ್ಲವೆಂದು ನಂಬುವ ನಾವು ಕತ್ತಿಗೆ ಹೆದರಬೇಕಾಗಿಲ್ಲ. 1992ರಲ್ಲಿ ಪ್ರಕಟವಾದ ಧರ್ಮೋಪದೇಶ ಗ್ರಂಥವು ವೈಜ್ಞಾನಿಕ ಸಂಶೋಧನೆಗಾಗಿ ಶವಪರೀಕ್ಷೆಯನ್ನು ಒಪ್ಪುತ್ತದೆ, ಮರಣಾನಂತರದ ಅಂಗದಾನವನ್ನು ಪುಣ್ಯಕರವೆನ್ನುತ್ತದೆ. ಹೃದಯವೂ ಒಂದು ಸ್ನಾಯುವೇ ಎಂದು ತೋರಿಸಿಕೊಟ್ಟ ಡೆನ್ಮಾರ್ಕಿನ ಅಂಗರಚನಾತಜ್ಞ ಸ್ಟೆನೋ ಮುಂದೆ ಕಥೋಲಿಕ ಗುರುವಾಗಿ, ಧರ್ಮಾಧ್ಯಕ್ಷರಾಗಿ, 1988ರಲ್ಲಿ ಧನ್ಯರ ಪಟ್ಟಿಗೆ ಸೇರಿದರು. ನಮ್ಮ ನಾಡಿನಲ್ಲಿಯೇ, 2008ರಲ್ಲಿ ತೀರಿಕೊಂಡ ಡಾ. ಬಸವಣ್ಣೆಪ್ಪ ರಾಮಣ್ಣವರ ಅವರ ದೇಹವನ್ನು ಅವರದೇ ಇಚ್ಛೆಯಂತೆ 2010ರಲ್ಲಿ ಬೆಳಗಾವಿಯ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಮುಂದೆ ಛೇದಿಸಿದವರು ಅವರ ಮಗ ಡಾ. ಮಹಾಂತೇಶ. ಆ ಮೇಜಿನ ಮೇಲಿದ್ದವರು ಯಾರೆಂದು ಅಂದು ಎಲ್ಲರಿಗೂ ಗೊತ್ತಿತ್ತು.

ಉಳ್ಳವರು ಕೊಡದಿದ್ದರೆ ಇಲ್ಲದವರಿಂದ ಪಡೆಯುವುದು ತಪ್ಪುವುದಿಲ್ಲ. ಆದುದರಿಂದ ಗುಳೆ ಹೋಗುವವರ ಕಿಸೆಯಲ್ಲಿ ಊರಿನ ಹೆಸರು, ಮನೆಯ ಫೋನ್ ನಂಬರು ಇರುವಂತೆ ನೋಡಿಕೊಳ್ಳಿ. ಮನಸ್ಸಿದ್ದವರು ದೇಹದಾನದ ಇಚ್ಛೆಯನ್ನು ಸಾಕ್ಷಿಗಳ ಮುಂದೆ ಬರೆದಿಡಿ, ಮನೆಯವರಿಗೆ ಈಗಲೇ ತಿಳಿಸಿ. ಕೊನೆಗೆ ಒಪ್ಪಿಸಬೇಕಾದವರು ಅವರೇ.

ಸಿಂಧನೂರಿನ ಹತ್ತಿರದ ಕ್ಯಾಂಪೊಂದರ ವಯಸ್ಸಾದ ತಾಯಿಯೊಬ್ಬರು ಹೀಗೆ ನಿರ್ಧರಿಸಿ ನನ್ನ ಬಳಿ ಬಂದಿದ್ದರು. “ಫಾದರ್, ಆ ಗಾಜಿನ ಮ್ಯಾಲ ಹೆಸರು ಬರೀತಾರೇನ್ರಿ?” ಎಂದು ಕೇಳಿದರು. “ಅಂಗದ ಹೆಸರು ಬರೀತಾರಮ್ಮ, ಮನುಷ್ಯರ ಹೆಸರು ಬರೆಯೋದಿಲ್ಲ” ಎಂದೆ. “ಹಂಗಾದ್ರ ನಿಮ್ಮ ಪುಸ್ತಕದಾಗ ಬರೀರಿ” ಎಂದರು. ಧರ್ಮಕೇಂದ್ರದ ಮರಣ ದಾಖಲೆಯಲ್ಲಿ ಸಮಾಧಿ ಮಾಡಿದ ಸ್ಥಳವೆಂಬ ಅಂಕಣವಿದೆ. ಅಲ್ಲಿ ಕಾಲೇಜಿನ ಹೆಸರನ್ನು ಬರೆಯುವುದಾಗಿ ಹೇಳಿ ಕಳುಹಿಸಿದೆ. ಅವರ ಇಬ್ಬರು ಗಂಡುಮಕ್ಕಳು ಇನ್ನೂ ಒಪ್ಪಿಲ್ಲ.