ಪವಾಡವಾದ ಮೇಲೆ ಊಟ



ಯಾಯೀರನ ಮಗಳ ಕಥೆ ನಮಗೆಲ್ಲ ಗೊತ್ತು. ಆಕೆ ಹನ್ನೆರಡು ವರ್ಷದ ಹುಡುಗಿ. ಸತ್ತಳೆಂದು ಮನೆಯಲ್ಲಿ ಗೋಳಾಟ ಎದ್ದಿತ್ತು. ಯೇಸುಸ್ವಾಮಿ ಒಳಗೆ ಹೋಗಿ ಕೈಹಿಡಿದು ಎಬ್ಬಿಸಿದರು; ಆಕೆ ಎದ್ದು ನಡೆದಾಡಿದಳು. ಎಲ್ಲರೂ ಬೆರಗಾಗಿ ನಿಂತಿದ್ದಾಗ ಪ್ರಭು ಇನ್ನೊಂದು ಸಣ್ಣ ಮಾತು ಹೇಳಿದರು. ಹುಡುಗಿಗೆ ಊಟ ಕೊಡಬೇಕೆಂಬ ಆ ಮಾತನ್ನು ಸಂತ ಮಾರ್ಕನ ಶುಭಸಂದೇಶದ 5ನೇ ಅಧ್ಯಾಯದ ಕೊನೆಯಲ್ಲಿ ಕಾಣುತ್ತೇವೆ. ಪವಾಡ ಮಾಡಿದ್ದು ಪ್ರಭು. ಊಟದ ಕೆಲಸವನ್ನು ಅವರು ಮನೆಯವರಿಗೇ ಒಪ್ಪಿಸಿದರು.

ಈ ಮಾತು ನಮ್ಮ ನಡುವಿನ ಕೆಲವು ಮಕ್ಕಳಿಗೆ ತುಂಬ ಹತ್ತಿರದ್ದು. ಸುಮಾರು 3,000ದಿಂದ 4,000 ಶಿಶುಗಳಲ್ಲಿ ಒಂದು ಅನ್ನನಾಳ ಕೂಡದೆಯೇ ಹುಟ್ಟುತ್ತದೆ. ವೈದ್ಯರು ಇದನ್ನು ಈಸೋಫೇಜಿಯಲ್ ಅಟ್ರೀಸಿಯಾ ಎನ್ನುತ್ತಾರೆ. ಅನ್ನನಾಳದ ಮೇಲಿನ ಭಾಗ ಚೀಲದಂತೆ ಮುಚ್ಚಿಕೊಂಡಿರುತ್ತದೆ. ಕೆಳಗಿನ ಭಾಗ ಬಹುಪಾಲು ಮಕ್ಕಳಲ್ಲಿ ಶ್ವಾಸನಾಳಕ್ಕೆ ಸೇರಿಕೊಂಡಿರುತ್ತದೆ. ಮಗುವಿನ ಬಾಯಲ್ಲಿ ನೊರೆ ಬರುತ್ತದೆ, ಮೊದಲ ಹಾಲಿಗೇ ಕೆಮ್ಮಿ ನೀಲಿಗಟ್ಟುತ್ತದೆ. ಹಿಂದೆ ಇದು ಹೆಚ್ಚುಕಡಿಮೆ ಮರಣವೇ ಆಗಿತ್ತು. 1941ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಡಾ. ಕ್ಯಾಮರಾನ್ ಹೈಟ್ ಎರಡೂ ತುದಿಗಳನ್ನು ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಜೋಡಿಸಿ ಒಂದು ಮಗುವನ್ನು ಉಳಿಸಿದರು. ಇಂದು ನಮ್ಮ ಬೆಂಗಳೂರಿನಲ್ಲೇ, ಸಂತ ಜಾನರ ವೈದ್ಯಕೀಯ ಕಾಲೇಜು ಆಸ್ಪತ್ರೆ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಕಡೆ ಮಕ್ಕಳ ಶಸ್ತ್ರಚಿಕಿತ್ಸಾ ತಜ್ಞರಿದ್ದಾರೆ. ಹೀಗೆ ಬದುಕುಳಿದ ಮಕ್ಕಳು ಈಗ ಹದಿಹರೆಯಕ್ಕೆ ಕಾಲಿಡುತ್ತಿದ್ದಾರೆ.

ಮಾವಳ್ಳಿಯ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಹುಡುಗನಿಗೆ ಹದಿನೈದು ವರ್ಷ. ಹುಟ್ಟಿದ ದಿನವೇ ಆಸ್ಪತ್ರೆಯಲ್ಲಿ ಅವಸರದ ಜ್ಞಾನಸ್ನಾನ, ಮರುದಿನ ಆಪರೇಷನ್. ಮಗು ಬದುಕಿತು, ಮನೆಯವರು ಹರಕೆ ತೀರಿಸಿದರು, ಕೆಲವು ವರ್ಷಗಳಾದ ಮೇಲೆ ಆಸ್ಪತ್ರೆಯ ಫೈಲು ಬೀರುವಿನ ಮೇಲೆ ಸೇರಿತು. ಭಾನುವಾರ ಪೂಜೆ ಮುಗಿಸಿ ಎಲ್ಲರೂ ಹೋಟೆಲಿಗೆ ಹೋಗುತ್ತಾರೆ. ತಮ್ಮ ಎರಡು ದೋಸೆ ಮುಗಿಸಿದರೂ ಅಣ್ಣನದು ಇನ್ನೂ ಅರ್ಧ. ತುತ್ತಿಗೊಂದು ಗುಟುಕು ನೀರು. "ಬೇಗ ತಿನ್ನೋ, ಜನ ಕಾಯ್ತಾ ಇದ್ದಾರೆ" ಎನ್ನುತ್ತಾರೆ ಅಪ್ಪ. ಹುಡುಗ "ಸಾಕು" ಎಂದು ಎದ್ದುಬಿಡುತ್ತಾನೆ. ಅದು ಹೊಟ್ಟೆ ತುಂಬಿದವನ ಮಾತಲ್ಲ.

ಜೋಡಿಸಿದ ಅನ್ನನಾಳಕ್ಕೆ ತುತ್ತನ್ನು ಕೆಳಗೆ ತಳ್ಳುವ ಶಕ್ತಿ ಕಡಿಮೆ. ಹೊಲಿಗೆ ಹಾಕಿದ ಜಾಗ ಕಿರಿದಾಗಬಹುದು. ಜಠರದ ಆಮ್ಲ ಮೇಲಕ್ಕೆ ಬರಬಹುದು. ಶ್ವಾಸನಾಳದ ಗೋಡೆ ಮೆದುವಾಗಿದ್ದರೆ ಕೆಮ್ಮು ಒರಟಾಗಿ, ಬೊಗಳಿದಂತೆ ಕೇಳಿಸುತ್ತದೆ. ಎದೆಯ ಸೋಂಕು ಮರುಕಳಿಸುತ್ತದೆ. ಎದೆ ತೆರೆದು ಮಾಡಿದ ಶಸ್ತ್ರಚಿಕಿತ್ಸೆಯಿಂದ ಕೆಲವರ ಬೆನ್ನುಮೂಳೆ ಬೆಳೆಯುವ ವಯಸ್ಸಿನಲ್ಲಿ ಬಾಗುತ್ತದೆ. ಯಾವ ನೋವೂ ಇಲ್ಲದವರಲ್ಲಿಯೂ, ವರ್ಷಗಟ್ಟಲೆ ಆಮ್ಲ ತಾಗಿದ ಒಳಪದರ ಸದ್ದಿಲ್ಲದೆ ಬದಲಾಗಬಹುದು. ಆದ್ದರಿಂದಲೇ ಯೂರೋಪ್ ಮತ್ತು ಉತ್ತರ ಅಮೆರಿಕದ ಮಕ್ಕಳ ಜೀರ್ಣಾಂಗ ತಜ್ಞರು 2016ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ, ತೊಂದರೆ ಕಾಣದಿದ್ದರೂ ಮೂರು ಸಲ ಎಂಡೋಸ್ಕೋಪಿ ಆಗಬೇಕೆಂದಿದ್ದಾರೆ: ಆಮ್ಲ ತಗ್ಗಿಸುವ ಔಷಧಿ ನಿಲ್ಲಿಸಿದ ಮೇಲೆ, ಹತ್ತು ವರ್ಷ ತುಂಬುವ ಮೊದಲು, ಕೊನೆಗೆ ದೊಡ್ಡವರ ವೈದ್ಯರ ಕೈಗೆ ಹೋಗುವ ಹೊತ್ತಿಗೆ.

ಹಾಗಾದರೆ ಹೆತ್ತವರು ಮಾಡಬೇಕಾದದ್ದೇನು? ಮೊದಲು, ಬೀರುವಿನ ಮೇಲಿನ ಫೈಲು ಕೆಳಗಿಳಿಸಿರಿ. ತನ್ನ ಪಕ್ಕೆಯ ಗಾಯದ ಗುರುತು ಏಕೆ ಬಂತೆಂದು ಎಷ್ಟೋ ಮಕ್ಕಳಿಗೆ ಸರಿಯಾಗಿ ಗೊತ್ತಿರುವುದಿಲ್ಲ. ಮುಚ್ಚಿಡುವುದು ಪ್ರೀತಿಯಿಂದಲೇ ಇರಬಹುದು. ಆದರೆ ಹದಿನೆಂಟರ ಹೊತ್ತಿಗೆ ಅವನು ಹೊಸ ವೈದ್ಯರ ಮುಂದೆ ಕೂತು ತನ್ನ ಕಥೆಯನ್ನು ತಾನೇ ಹೇಳಬೇಕಲ್ಲವೇ? ಯಾಯೀರನ ಮಗಳನ್ನು ಪ್ರಭು ಕೈಹಿಡಿದು ಎಬ್ಬಿಸಿದರು, ನಡೆದವಳು ಆಕೆಯೇ.

ಎರಡನೆಯದು, ಊಟಕ್ಕೆ ಸಮಯ ಕೊಡಿರಿ. ಸಣ್ಣ ತುತ್ತು, ಚೆನ್ನಾಗಿ ಅಗಿಯುವುದು, ನಡುನಡುವೆ ನೀರು. ಮಲಗುವ ಎರಡು ಮೂರು ಗಂಟೆ ಮೊದಲೇ ರಾತ್ರಿಯೂಟ. ಮಾಂಸದ ತುಂಡು, ಒಣ ಚಪಾತಿ, ಬ್ರೆಡ್ಡು ಸಿಕ್ಕಿಕೊಂಡರೆ, ಮೀನಿನ ಮುಳ್ಳಿಗೆ ಮಾಡುವಂತೆ ಅನ್ನದ ಉಂಡೆ ನುಂಗಿಸಬೇಡಿರಿ. ಉಗುಳು ಕೂಡ ಇಳಿಯದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿರಿ. ಕೆಮ್ಮನ್ನು ಶಾಲೆಯಲ್ಲಿ ಗೇಲಿ ಮಾಡುತ್ತಿದ್ದರೆ ಶಿಕ್ಷಕರೊಂದಿಗೆ ಮಾತಾಡಿರಿ.

ಮೂರನೆಯದು ದೇವಾಲಯದ ಮಾತು. ಒಣ ಪರಮಪ್ರಸಾದ ಗಂಟಲಲ್ಲಿ ನಿಲ್ಲಬಹುದೆಂಬ ಹೆದರಿಕೆಯಿಂದ ಹಿಂದಿನ ಬೆಂಚಿನಲ್ಲೇ ಉಳಿಯುವ ಹುಡುಗರಿರಬಹುದು. ಗುರುಗಳಿಗೆ ಮೊದಲೇ ತಿಳಿಸಿದರೆ ಚಿಕ್ಕ ಚೂರನ್ನು ಕೊಡಬಹುದು. ಆ ಚೂರಿನಲ್ಲೂ ಕ್ರಿಸ್ತರು ಪೂರ್ಣವಾಗಿಯೇ ಇದ್ದಾರೆ. ಅಗತ್ಯಬಿದ್ದರೆ ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಕೊಡಲೂ ಧರ್ಮಸಭೆಯ 1983ರ ಕಾನೂನು ಸಂಹಿತೆಯಲ್ಲಿ ಅವಕಾಶವಿದೆ. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸವನ್ನು ನೀರಾಗಲಿ ಔಷಧಿಯಾಗಲಿ ಮುರಿಯುವುದಿಲ್ಲ. ತಪಸ್ಸುಕಾಲದ ಉಪವಾಸದ ನಿಯಮವೂ ಹದಿನೆಂಟು ತುಂಬದವರಿಗೆ ಅನ್ವಯಿಸದು.

ಪ್ರತಿ ಫೆಬ್ರವರಿ 3ರಂದು, ಸಂತ ಬ್ಲೇಸರ ಹಬ್ಬದಲ್ಲಿ, ಗುರುಗಳು ಎರಡು ಮೇಣದ ಬತ್ತಿಗಳನ್ನು ಶಿಲುಬೆಯಾಕಾರದಲ್ಲಿ ಹಿಡಿದು ನಮ್ಮ ಗಂಟಲನ್ನು ಆಶೀರ್ವದಿಸುತ್ತಾರೆ. ಮುಳ್ಳು ಸಿಕ್ಕಿ ಸಾಯುತ್ತಿದ್ದ ಬಾಲಕನೊಬ್ಬನನ್ನು ಆ ಧರ್ಮಾಧ್ಯಕ್ಷರು ಬದುಕಿಸಿದರೆಂಬುದು ಪರಂಪರೆಯ ಮಾತು. ಮಗನನ್ನು ಆ ಸಾಲಿಗೆ ಕರೆತನ್ನಿರಿ. ವೈದ್ಯರ ತಪಾಸಣೆಗೂ ಕರೆದೊಯ್ಯಿರಿ. ಒಂದು ಇನ್ನೊಂದಕ್ಕೆ ಅಡ್ಡಿಯಲ್ಲ.

ಇಂದು ರಾತ್ರಿ ಊಟ ಮುಗಿದ ಮೇಲೆ ತಟ್ಟೆ ಎತ್ತಿಕೊಂಡು ಏಳಬೇಡಿರಿ. ಅವನ ಊಟ ಮುಗಿಯುವ ತನಕ ಏನಾದರೂ ಮಾತಾಡುತ್ತ ಜೊತೆಯಲ್ಲಿ ಕುಳಿತಿರಿ. ಯಾಯೀರನ ಮನೆಯವರಿಗೆ ಪ್ರಭು ಹೇಳಿದ್ದೂ ಇಂಥದೇ ಕೆಲಸ. ಅದನ್ನು ಬೇಸರವಿಲ್ಲದೆ ಮಾಡುವ ವರವನ್ನು ಅವರು ನಮ್ಮ ಕುಟುಂಬಗಳಿಗೆ ಕರುಣಿಸಲಿ. ಆಮೆನ್.